ಶುಲ್ಕ ಮನ್ನಾ ಒಂದೇ ಸಾಲದು

ಆದಿವಾಸಿ ಮಕ್ಕಳಿಗೆ ಕಾಲೇಜು ಶುಲ್ಕ ಮನ್ನಾ ಮಾಡಿದರೆ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸಾಲದು ಸರ್. ದಕ್ಷಿಣ ಕೊಡಗಿನ ಗೋಣಿಕೊಪ್ಪದ ಕಡೆ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿರುವ, ಯರವ ಎಂಬ ಆದಿವಾಸಿ ಸಮುದಾಯದ ಹುಡುಗಿಯೊಬ್ಬಳು ಪಿಯುಸಿ ಪಾಸಾದಳು. ಡಿಗ್ರಿಗೆ ಅರ್ಜಿ ಹಾಕಿಸಲು ನಾನೇ ಜೊತೆಗೆ ಹೋಗಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಮಾರ್ಕ್ಸ್ ಕಾರ್ಡ್ ಇತ್ತು, ಜಾತಿ ಪ್ರಮಾಣಪತ್ರ ಇರಲಿಲ್ಲ. ಅಪ್ಪ ಕೆಲಸ ಹುಡುಕಿ ತೋಟದಿಂದ ತೋಟಕ್ಕೆ ಹೋಗುವವರು, ವಿಳಾಸದ ದಾಖಲೆ ಎಲ್ಲಿಂದ ತರಬೇಕು? ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ದಾಖಲಾತಿ ಮುಗಿದಿತ್ತು. ಆ ವರ್ಷ ಅವಳು ಕಾಫಿ ಕೊಯ್ಲಿಗೆ ಹೋದಳು.

2023ರಲ್ಲಿ ಉತ್ತರ ಕೊಡಗಿನ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದಾಗ ತುಂಬಾ ಖುಷಿಪಟ್ಟವಳು ನಾನು. ಆದರೆ ದಕ್ಷಿಣ ಕೊಡಗಿನ ಆದಿವಾಸಿ ಹಾಡಿಗಳಿಂದ ದಿನಾ ಅಲ್ಲಿಗೆ ಓಡಾಡಲಾಗದು. ಪ್ರಮಾಣಪತ್ರ ತರಲು ಸಮಯ ಕೊಡಿ, ಹಾಡಿಗೇ ಬಂದು ಅರ್ಜಿ ತುಂಬಿಸಿ, ಮೊದಲ ದಿನದಿಂದಲೇ ಹಾಸ್ಟೆಲ್ ಕೊಡಿ. ವಿದ್ಯಾರ್ಥಿವೇತನ ಬರುವ ತನಕ ಹಸಿವು ಕಾಯುವುದಿಲ್ಲ.