ಮೈಸೂರ್ ಬ್ಯಾಂಕ್ 2017ರಲ್ಲಿ ಮುಚ್ಚಿಹೋಯಿತೇ? ಒಂದು ಸ್ಪಷ್ಟನೆ

ಸಂತೇಪೇಟೆ, ದೇವರಾಜ ಅರಸು ರಸ್ತೆಯ ಅಂಗಡಿಯವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಮೈಸೂರ್ ಬ್ಯಾಂಕಿನ ಹೆಡ್ ಆಫೀಸ್ ನಮ್ಮ ಮೈಸೂರಲ್ಲೇ ಇತ್ತು. ಅದು ಅರಮನೆಯ ಸ್ವಂತ ಬ್ಯಾಂಕು. 2017ರಲ್ಲಿ ಸ್ಟೇಟ್ ಬ್ಯಾಂಕ್ ಬಂದು ಮುಚ್ಚಿಸಿತು' ಅಂತ.

ಹೆಡ್ ಆಫೀಸ್ ಇದ್ದದ್ದು ಬೆಂಗಳೂರಿನಲ್ಲಿ. ಕೆಂಪೇಗೌಡ ರಸ್ತೆಯ ಆ ಸರ್ಕಲ್ಲನ್ನು ಜನ ಇವತ್ತಿಗೂ ಮೈಸೂರ್ ಬ್ಯಾಂಕ್ ಸರ್ಕಲ್ ಅಂತಲೇ ಕರೆಯುತ್ತಾರೆ, ಕಂಡಕ್ಟರ್ ಕೂಗುವುದೂ ಹಾಗೇ. ಮೈಸೂರು ಸಂಸ್ಥಾನದ ಬ್ಯಾಂಕು, ಅದಕ್ಕೇ ಆ ಹೆಸರು.

ಅರಮನೆಯ ಸ್ವಂತದ್ದೂ ಅಲ್ಲ. 1913ರಲ್ಲಿ ಶುರುವಾದಾಗ ಅದು 'ದಿ ಬ್ಯಾಂಕ್ ಆಫ್ ಮೈಸೂರ್ ಲಿಮಿಟೆಡ್', ಅಂದರೆ ಷೇರು ಕಂಪನಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೆಂಬಲ ಇತ್ತು, ನಿಜ. ಹಿಂದೆ ನಿಂತು ಓಡಾಡಿದವರು ದಿವಾನ್ ವಿಶ್ವೇಶ್ವರಯ್ಯ. ವ್ಯಾಪಾರಕ್ಕೆ ಬರೀ ಸಾಲ ಸಾಲದು, ವ್ಯಾಪಾರಿಗಳು ಒಂದಾಗಬೇಕು ಅನ್ನೋದು ಅವರ ಲೆಕ್ಕ ಇರಬೇಕು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಕಟ್ಟಿಸಿದವರೂ ಅವರೇ.

ಸ್ಟೇಟ್ ಬ್ಯಾಂಕ್ 2017ರಲ್ಲಿ ದಿಢೀರ್ ಅಂತ ಬಂದಿದ್ದಲ್ಲ. 1959ರ ಕಾಯ್ದೆಯಂತೆ 1960ರಲ್ಲೇ ಮೈಸೂರ್ ಬ್ಯಾಂಕ್ ಅದರ ಅಂಗಸಂಸ್ಥೆಯಾಗಿತ್ತು. 2017ರ ಏಪ್ರಿಲ್ 1ರಂದು ಆದದ್ದು ವಿಲೀನ. ಹೈದರಾಬಾದ್, ತಿರುವಾಂಕೂರು, ಪಟಿಯಾಲ, ಬಿಕಾನೇರ್-ಜೈಪುರ ಬ್ಯಾಂಕುಗಳೂ ಅವತ್ತೇ ಸೇರಿದವು. ಖಾತೆಗಳು ಮುಂದುವರಿದವು. 'ಎಸ್‌ಬಿಎಂವೈ' ಅಂತ ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಕೋಡ್ (ಹಣ ಕಳಿಸುವಾಗ ಬ್ಯಾಂಕ್ ಶಾಖೆಯನ್ನು ಗುರುತಿಸುವ ಸಂಕೇತ) 'ಎಸ್‌ಬಿಐಎನ್' ಆಯಿತು. ಹೆಸರು ಹೋದ ಬೇಜಾರು ನಮಗೂ ಇದೆ, ಅಲ್ವಾ? ಆದರೆ ಸುಮ್ನೆ 'ಬ್ಯಾಂಕ್ ಮುಚ್ಚಿತು' ಅಂತ ಹಂಚಿದರೆ ಹಳೇ ಪಾಸ್‌ಬುಕ್ ಇಟ್ಟುಕೊಂಡಿರುವ ಹಿರಿಯರು ಗಾಬರಿಯಾಗುತ್ತಾರೆ. ಅಂಥ ಖಾತೆ ಇದ್ದವರು ಆ ಪಾಸ್‌ಬುಕ್, ಗುರುತಿನ ಚೀಟಿ ಹಿಡಿದು ಹತ್ತಿರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಬಹುದು.