ಹಳೇ ಕಿಟಕಿ ತೆಗೆಯಲು ಅನುಮತಿ ಕೋರಿ

ಓವರ್‌ಸಿಯರ್ ಬಂದವರೇ ಟೇಪು ಬಿಚ್ಚಿದರು. ನಮ್ಮ ವಾಚನಾಲಯದ ಪಡುಗೋಡೆಯ ಕಿಟಕಿಯ ಉದ್ದ ಅಳೆದರು, ಅಗಲ ಅಳೆದರು, ಚೌಕಟ್ಟನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು. "ಪ್ಲಾವ್" ಅಂದರು. ಹಲಸಿನದ್ದು ಅಂತ. ಹಾಗೆಯೇ ಆರೂ ಕಿಟಕಿ ಮುಗಿಸಿ, ಚಾ ಕುಡಿದು, "ಒಂದಕ್ಕೂ ಹುಳ ಹಿಡಿದಿಲ್ಲವಲ್ಲ, ಮತ್ತೆ ಎಂತಕ್ಕೆ ತೆಗೆಯುವುದು?" ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ನಾವು ತೆಗೆಯಬೇಕು ಅಂದ ಕಿಟಕಿ ಗೋಡೆಯಲ್ಲಿ ಇರಲಿಲ್ಲ, ಕಂಪ್ಯೂಟರಿನ ಒಳಗಿತ್ತು.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಚೆರ್ಕಳ–ಕಲ್ಲಡ್ಕ ರಸ್ತೆಯ ಬದಿ, ಬದಿಯಡ್ಕ ದಾಟಿ ಸ್ವಲ್ಪ ಮುಂದೆ ನಮ್ಮ ವಾಚನಾಲಯ. ಗಲ್ಫಿನಲ್ಲಿರುವ ಊರವರೊಬ್ಬರು ಅದಕ್ಕೊಂದು ಕಂಪ್ಯೂಟರ್ ಕೊಟ್ಟಿದ್ದರು. ವಿಂಡೋಸ್ 7, 160 ಜಿಬಿ ಹಾರ್ಡ್ ಡಿಸ್ಕ್. 2020ರ ಜನವರಿ 14ಕ್ಕೆ ವಿಂಡೋಸ್ 7ರ ಆಯುಷ್ಯ ಮುಗಿಯಿತು ಅಂತ ಮೈಕ್ರೋಸಾಫ್ಟ್ ಡಂಗುರ ಹೊಡೆಯಿತು. ನಮ್ಮಲ್ಲಿ ಅದು ಮತ್ತೂ ಎರಡು ಮಳೆಗಾಲ ಓಡಿತು. ಆಮೇಲೆ ರಿಪೇರಿಯವ ಬಂದು 120 ಜಿಬಿಯ ಎಸ್‌ಎಸ್‌ಡಿ ಎಂಬ ಹೊಸ ನಮೂನೆಯ ಡಿಸ್ಕ್ ಕೂರಿಸಿ ಅದಕ್ಕೆ ವಿಂಡೋಸ್ 10 ಹಾಕಿದ. ಹಳೇ ಡಿಸ್ಕನ್ನು ಬಿಸಾಡದೆ ಡಿ ಡ್ರೈವ್ ಅಂತ ಒಳಗೇ ಬಿಟ್ಟ. ಅದರಲ್ಲಿ ನಮ್ಮ ತಾಳಮದ್ದಳೆಯ ರೆಕಾರ್ಡಿಂಗುಗಳೆಲ್ಲ ಇದ್ದವು. ಜೊತೆಗೆ ಹಳೇ ವಿಂಡೋಸ್ 7ರ ಫೋಲ್ಡರೂ ಹಾಗೇ ಉಳಿಯಿತು, ತರವಾಡು ಮನೆಯಲ್ಲಿ ಪಾಲು ಆದ ಮೇಲೂ ಮೂಲೆ ಕೋಣೆ ಬಿಡದ ದೊಡ್ಡಪ್ಪನ ಹಾಗೆ. ಉಪಯೋಗ ಇಲ್ಲ, ಎಬ್ಬಿಸುವ ಧೈರ್ಯವೂ ಯಾರಿಗೂ ಇಲ್ಲ.

ಕಳೆದ ವರ್ಷ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಡಿ ಡ್ರೈವ್ ತುಂಬಿ ಅದರ ಗೆರೆ ಕೆಂಪಾಯಿತು. ಹೊಸ ರೆಕಾರ್ಡಿಂಗ್ ಹಾಕಿದರೆ ಭೀಷ್ಮ ಅರ್ಧ ಮಾತಿಗೆ ನಿಲ್ಲುತ್ತಿದ್ದ. ಹಳೇ ವಿಂಡೋಸ್ ಫೋಲ್ಡರಿನ ಪ್ರಾಪರ್ಟೀಸ್ ನೋಡಿದರೆ ಹದಿನೆಂಟು ಜಿಬಿ. ಅದನ್ನು ತೆಗೆದರೆ ಒಂದು ವರ್ಷದ ಕೂಟಗಳಿಗೆ ಜಾಗ ಆಗುತ್ತದೆ ಅಂತ ನಾನು ಡಿಲೀಟ್ ಒತ್ತಿದೆ.

ಅನುಮತಿ ಬೇಕು ಅಂದಿತು. ಕಂಟಿನ್ಯೂ ಒತ್ತಿದೆ. ಇದಕ್ಕೆ ಟ್ರಸ್ಟೆಡ್ ಇನ್‌ಸ್ಟಾಲರ್ ಅವರ ಅನುಮತಿ ಬೇಕು ಅಂದಿತು. ಕೆಳಗೆ ಇನ್ನೊಮ್ಮೆ ಪ್ರಯತ್ನಿಸಿ ಎಂಬ ಗುಂಡಿ. ಒತ್ತಿದೆ. ಅದೇ ಉತ್ತರ. ಕಚೇರಿಗಳಲ್ಲಿ "ನಾಳೆ ವಾ" ಅನ್ನುತ್ತಾರಲ್ಲ, ಇದು ಅದೇ. ಬಸ್ಸಿನ ಖರ್ಚು ಇಲ್ಲ ಅಷ್ಟೆ.

ಈ ಟ್ರಸ್ಟೆಡ್ ಇನ್‌ಸ್ಟಾಲರ್ ಮನುಷ್ಯನಲ್ಲ. ವಿಸ್ಟಾದ ಕಾಲದಿಂದ, ಅಂದರೆ 2007ರಿಂದ, ವಿಂಡೋಸಿನ ಮುಖ್ಯ ಫೈಲುಗಳ ಪಟ್ಟಾ ಈತನ ಹೆಸರಲ್ಲಿ ಉಂಟು. ಕಂಪ್ಯೂಟರಿನ ಒಳಗೇ ಓಡುವ ಒಂದು ಸೇವೆ. ಆಡಳಿತಗಾರ ನಾನೇ, ಪಾಸ್‌ವರ್ಡ್ ನನ್ನದೇ. ಆದರೂ ಕಾಣದ ಒಬ್ಬನ ಸಹಿ ಇಲ್ಲದೆ ನನ್ನ ಕೈ ನಡೆಯುವುದಿಲ್ಲ. ಪಂಚಾಯತಿನ ಅಧ್ಯಕ್ಷರಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಬಳಕೆದಾರರ ಫೋಲ್ಡರಿಗೆ ಹೋಗಿ ಒಡೆಯ ಯಾರು ಅಂತ ನೋಡಿದರೆ ಹೆಸರೇ ಇಲ್ಲ, ಎಸ್-1-5-21 ಅಂತ ಶುರುವಾಗುವ ಮಾರುದ್ದದ ನಂಬರು. ಹಳೇ ವಿಂಡೋಸಿನಲ್ಲಿದ್ದ ಖಾತೆಯಂತೆ. ಖಾತೆ ಹೋಯಿತು, ನಂಬರು ಉಳಿಯಿತು. ಒಡೆಯ ತೀರಿಕೊಂಡು ಕಂದಾಯ ಪುಸ್ತಕದ ತಂಡಪ್ಪೇರ್ ನಂಬರು ಮಾತ್ರ ಬಾಕಿ ಇರುವ ಅಡಿಕೆ ತೋಟದ ಕಥೆಯೇ.

ಆ ಹದಿನೆಂಟು ಜಿಬಿಯೂ ಪೂರ್ತಿ ನಿಜ ಅಲ್ಲವಂತೆ. ವಿಂಡೋಸಿನೊಳಗೆ ವಿನ್‌ಎಸ್‌ಎಕ್ಸ್‌ಎಸ್ ಅಂತ ಒಂದು ಉಗ್ರಾಣ ಉಂಟು. ಅಲ್ಲಿರುವ ಫೈಲೇ ಇನ್ನೊಂದು ಕಡೆ ಇನ್ನೊಂದು ದಾರಿಯಲ್ಲಿ ಕಾಣಿಸುತ್ತದೆ, ಲೆಕ್ಕ ಹಾಕುವವ ಎರಡು ಸಲ ಎಣಿಸುತ್ತಾನೆ. ನನಗೆ ಆಶ್ಚರ್ಯ ಆಗಲಿಲ್ಲ. ಕನ್ನಡ ಶಾಲೆಯ ಪುಸ್ತಕದಲ್ಲಿ ನಾನು ಕೃಷ್ಣ, ಇನ್ನೊಂದು ಕಾರ್ಡಿನಲ್ಲಿ ಕೃಷ್ಣನ್. ಊರು ಒಂದರಲ್ಲಿ ಬದಿಯಡ್ಕ, ಇನ್ನೊಂದರಲ್ಲಿ ಬದಿಯಡುಕ್ಕ. ಈ ಇಬ್ಬರೂ ಒಬ್ಬನೇ ಅಂತ ಹೇಳುವುದಕ್ಕೆ ಕೇರಳದಲ್ಲಿ 'ಒನ್ ಆಂಡ್ ದ ಸೇಮ್ ಸರ್ಟಿಫಿಕೇಟ್' ಅಂತಲೇ ಒಂದು ಕೊಡುತ್ತಾರೆ. ನನ್ನ ಕಪಾಟಿನಲ್ಲಿ ಎರಡು ಉಂಟು. ಎರಡರಲ್ಲಿ ನನ್ನ ಇನಿಷಿಯಲ್ ಬೇರೆ ಬೇರೆ.

ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನಾನು ವಿಷಯವನ್ನು ಸಮಿತಿಯಲ್ಲಿ ಎತ್ತಿದೆ. ಅಧ್ಯಕ್ಷರು ದಾಸ್ತಾನು ಪುಸ್ತಕ ತರಿಸಿದರು. ಅದರಲ್ಲಿ ಬೆಂಚು 4, ಕುರ್ಚಿ 12, ಗಡಿಯಾರ 1 (ನಿಂತದ್ದು), ಕಂಪ್ಯೂಟರ್ 1, ವಿಂಡೋಸ್ 1. ದಾಸ್ತಾನಿನಲ್ಲಿ ಏರಿದ ಮೇಲೆ ಮೇಲಿನ ಕಚೇರಿಯ ಅನುಮತಿ ಇಲ್ಲದೆ ಇಳಿಸುವ ಹಾಗಿಲ್ಲ. ಗಡಿಯಾರವನ್ನು ಕೂಡ ಹಾಗೇ ಇಟ್ಟುಕೊಂಡಿದ್ದೇವಲ್ಲ.

ಅರ್ಜಿ ಬರೆದವರು ನಮ್ಮ ಕಾರ್ಯದರ್ಶಿ, ನಿವೃತ್ತ ಕನ್ನಡ ಮಾಸ್ತರು. ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ಉಂಟು, ಮಾಸ್ತರು ಅದನ್ನು ಚಲಾಯಿಸದೆ ಬಿಡುವವರಲ್ಲ. ಇಂಗ್ಲಿಷ್ ಪದ ಒಂದೂ ನುಸುಳಬಾರದು ಅಂತ ಹಠ. ಮೈಕ್ರೋಸಾಫ್ಟಿಗೆ 'ಕಿರುಮೃದು' ಅಂತ ಬರೆದಿದ್ದರು, ಅದನ್ನು ನಾನು ಕಾಲು ಹಿಡಿದು ಹೊಡೆಸಿದೆ. ವಿಂಡೋಸನ್ನು ಮಾತ್ರ ಬಿಟ್ಟುಕೊಡಲಿಲ್ಲ. "ವಾಚನಾಲಯದ ಹಳೆಯ ಕಿಟಕಿಗಳನ್ನು ತೆಗೆದುಹಾಕಲು ಅನುಮತಿ ಕೋರಿ." ಕೆಳಗೆ ಮಾಸ್ತರರ ಮುತ್ತಿನಂಥ ಅಕ್ಷರದ ಸಹಿ.

ಕನ್ನಡದ ಅರ್ಜಿ ಕಚೇರಿಯಲ್ಲಿ ಮಲಯಾಳಕ್ಕೆ ತರ್ಜುಮೆಯಾಯಿತು. ಕನ್ನಡ ಓದಬಲ್ಲ ಗುಮಾಸ್ತರು ರಜೆ ಮುಗಿಸಿ ಬರುವಾಗ ಒಂದೂವರೆ ತಿಂಗಳು. ತರ್ಜುಮೆಯಲ್ಲಿ ಒಂದು ತಪ್ಪಿಲ್ಲ. ಕಿಟಕಿಗೆ ಜನಲ್, ಹಳೆಯದಕ್ಕೆ ಪಳಯ. ಪ್ರತಿಯೊಂದು ನಮಗೂ ಬಂತು. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇ ತಪ್ಪಾದದ್ದು. ದಿನಾ ಬೆಳಿಗ್ಗೆ ಪೇಪರ್ ಓದಲು ಬರುವ ಅಜ್ಜಂದಿರು ಐದಾರು ಮಂದಿ. ಅವರಿಗೆ ಮಲಯಾಳ ಅರ್ಧಂಬರ್ಧ. 'ಪಳಯ ಜನಲ್' ತೆಗೆಯುವುದು ಅಂತ ಓದಿ, ಹಳೇ ಜನರನ್ನು ತೆಗೆಯಲು ಸಮಿತಿ ಅರ್ಜಿ ಹಾಕಿದೆ ಅಂತ ತಿಳಿದರು. ಮರುದಿನದಿಂದ ಒಬ್ಬರೂ ಇಲ್ಲ. ನಾನೇ ಮನೆಮನೆಗೆ ಹೋಗಿ ಸಮಾಧಾನ ಮಾಡಿ ಕರೆತಂದೆ.

ಬಂದವರಲ್ಲಿ ಒಬ್ಬರು, ಹಳೇ ಏಕೀಕರಣದ ಮೆರವಣಿಗೆಯಲ್ಲಿ ನಡೆದವರು, ವಿಷಯ ಎಲ್ಲ ಕೇಳಿ ಆದ ಮೇಲೆ ಒಂದು ಸಂಶಯ ಕೇಳಿದರು: ಹೊಸತು ಹಾಕಿದ ಮೇಲೆ ಹಳತಕ್ಕೆ ವಾಪಸು ಹೋಗಲು ಆಗುವುದಿಲ್ಲವೋ? ಆಗುತ್ತದೆ ಅಂದೆ. ಅದೇ ಡ್ರೈವಿನಲ್ಲಿ ಹಳತರ ಮೇಲೆ ಹೊಸತನ್ನು ಅಪ್‌ಗ್ರೇಡ್ ಮಾಡಿದರೆ ಹಳತೆಲ್ಲ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಹೋಗುತ್ತದೆ. ಹತ್ತು ದಿನದ ಒಳಗೆ ಬೇಡ ಅನ್ನಿಸಿದರೆ ಒಂದು ಗುಂಡಿ ಒತ್ತಿ ಹಿಂದೆ ಹೋಗಬಹುದು. ಅದು ಕಳೆದ ಮೇಲೆ ಕಂಪ್ಯೂಟರೇ ಅದನ್ನು ಅಳಿಸುತ್ತದೆ. ನಮ್ಮದು ಬೇರೆ ಡಿಸ್ಕಿನಲ್ಲಿ ಕುಳಿತದ್ದರಿಂದ ಅದಕ್ಕೆ ವಾಯಿದೆಯೇ ಇಲ್ಲ. ಅಜ್ಜ ಬೆರಳು ಮಡಚಿದರು. "1956 ನವೆಂಬರ್ ಒಂದಕ್ಕೆ ನಮ್ಮನ್ನು ಕೇರಳಕ್ಕೆ ಹಾಕಿದ್ದು. ಹಾಗಾದರೆ ಹನ್ನೊಂದಕ್ಕೆ ವಾಯಿದೆ ಮುಗಿಯಿತು. ಚಂದ್ರಗಿರಿ ಹೊಳೆಯಿಂದ ಬಡಗು ಕರ್ನಾಟಕಕ್ಕೆ ಅಂತ ಗಡಿ ಆಯೋಗದ ಮಹಾಜನರು ವರದಿ ಕೊಟ್ಟದ್ದು 67ರಲ್ಲಿ." ಸ್ವಲ್ಪ ಹೊತ್ತು ಬಿಟ್ಟು, "ಆ ಗುಂಡಿ ಎಲ್ಲಿ ಉಂಟು ಅಂತ ಆಗ ಯಾರೂ ಹೇಳಲಿಲ್ಲ ಮಾರಾಯ" ಅಂದರು.

ಫೈಲು ಮುಂದೆ ಹೋಗುತ್ತಿತ್ತು. ಓವರ್‌ಸಿಯರ್ ಅಳತೆ ತೆಗೆದುಕೊಂಡು ಹೋದರು, ಹಲಸಿನ ಮರಕ್ಕೆ ಬೆಲೆ ಕಟ್ಟಿದರು. ಅವರಿಗೆ ನಾನು ಕಂಪ್ಯೂಟರ್ ತೋರಿಸಿ ವಿಷಯ ಹೇಳಿದ್ದೆ. ಬಿದ್ದು ಬಿದ್ದು ನಕ್ಕರು, ಒಳ್ಳೇ ಮನುಷ್ಯ. ಆಮೇಲೆ, "ಆದರೆ ಫೈಲಿನಲ್ಲಿ ಜನಲ್ ಅಂತ ಉಂಟಲ್ಲ" ಅಂದರು.

ಅಷ್ಟರಲ್ಲಿ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ ಬಂದ. ಕಮಾಂಡ್ ಪ್ರಾಂಪ್ಟಿನಲ್ಲಿ ಟೇಕ್‌ಓನ್ ಕೊಟ್ಟು ಒಡೆತನ ನಮ್ಮ ಹೆಸರಿಗೆ ಮಾಡಿ, ಐಕ್ಯಾಕಲ್ಸ್ ಕೊಟ್ಟು ಹಕ್ಕು ಬರೆದು, ಆಮೇಲೆ ಆರ್‌ಡಿ ಕೊಟ್ಟು ಅಳಿಸಬಹುದು ಅಂದ. ಅಂದರೆ ಪೋಕುವರವು (ಖಾತೆ ಬದಲಾವಣೆ) ಮಾಡಿಸಿ, ತೆರಿಗೆ ಕಟ್ಟಿ, ಮತ್ತೆ ಮನೆ ಕೆಡಹುವುದು. "ಸಿ ಅಂತ ಬರೆದರೆ ಹೊಸ ವಿಂಡೋಸೇ ಹೋದೀತು, ಡಿ ಅಂತಲೇ ಬರೆಯಬೇಕು" ಅಂತ ಎಚ್ಚರಿಸಿದ. ಅಧ್ಯಕ್ಷರು ಕುರ್ಚಿಯಿಂದ ಎದ್ದುಬಿಟ್ಟರು. ಹುಡುಗ, ಹಾಗಾದರೆ ಇನ್ನೊಂದು ದಾರಿ ಅಂತ ಕಿಸೆಯಿಂದ ಪೆನ್‌ಡ್ರೈವ್ ತೆಗೆದ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ವಿಂಡೋಸಿನಲ್ಲಲ್ಲ, ಅದರ ಬದಲಿಗೆ ಓಡುವ ಲಿನಕ್ಸಿನಲ್ಲಿ. ಶಟ್‌ಡೌನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ ಅಂದ. ವಿಂಡೋಸ್ 10 ಶಟ್‌ಡೌನ್ ಅಂದರೆ ಪೂರ್ತಿ ಮಲಗುವುದಿಲ್ಲ, ಅರೆಗಣ್ಣು ಬಿಟ್ಟಿರುತ್ತದೆ, ಆಗ ಲಿನಕ್ಸಿಗೆ ಡಿಸ್ಕ್ ಮುಟ್ಟಲು ಬಿಡುವುದಿಲ್ಲವಂತೆ. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎದ್ದಿತು. ಡಿ ಡ್ರೈವ್ ತೆರೆದ. ತಾಳಮದ್ದಳೆಯ ಫೋಲ್ಡರ್ ಎಲ್ಲಿ ಉಂಟು ಅಂತ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಹಳೇ ವಿಂಡೋಸಿನ ಮೇಲೆ ಶಿಫ್ಟ್ ಡಿಲೀಟ್. ಬರೀ ಡಿಲೀಟ್ ಒತ್ತಿದರೆ ಅದೇ ಡ್ರೈವಿನ ಕಸದ ಬುಟ್ಟಿಯಲ್ಲಿ ಅಡಗಿ ಕೂರುತ್ತದೆ, ಜಾಗ ಸಿಗುವುದಿಲ್ಲ ಅಂದ. ಲಿನಕ್ಸ್ ಟ್ರಸ್ಟೆಡ್ ಇನ್‌ಸ್ಟಾಲರನ್ನು ಕೇಳಲೇ ಇಲ್ಲ. ಆ ಊರಿನ ಅಧಿಕಾರಿ ಈ ಊರಿನವನಿಗೆ ಯಾವ ಲೆಕ್ಕ! ಕೆಂಪು ಗೆರೆ ನೀಲಿಯಾಯಿತು. ಭೀಷ್ಮ ಮಾತು ಮುಗಿಸಿದ.

ಅಧ್ಯಕ್ಷರು ಕೇಳಿದ್ದು ಒಂದೇ: "ತೆಗೆದದ್ದನ್ನು ಎಲ್ಲಿ ಇಟ್ಟಿದ್ದೀ? ಆಡಿಟಿಗೆ ತೋರಿಸಬೇಕು."

ಮೂರು ತಿಂಗಳು ಕಳೆದು ಅನುಮತಿ ಬಂತು. ಅದರ ಹಿಂದೆಯೇ ಇನ್ನೊಂದು ಕಾಗದ: ಮಂಜೂರಾದ ಪ್ರಕಾರ ಕಿಟಕಿಗಳನ್ನು ತೆಗೆದದ್ದು ಕಾಣುವುದಿಲ್ಲ, ಹತ್ತು ದಿನದ ಒಳಗೆ ಕಾರಣ ತಿಳಿಸತಕ್ಕದ್ದು. ಮಾಸ್ತರರು ಉತ್ತರ ಬರೆಯಲು ಪೆನ್ನು ತೆಗೆದರು, ನಾವೆಲ್ಲ ಸೇರಿ ಪೆನ್ನು ಕಸಿದುಕೊಂಡೆವು. ಮತ್ತೊಂದು ತರ್ಜುಮೆಗೆ ಯಾರಿಗೂ ತ್ರಾಣ ಇರಲಿಲ್ಲ.

ಕೊನೆಗೆ ದಾಸ್ತಾನು ಪುಸ್ತಕದ ವಿಂಡೋಸ್ 1 ಎಂಬ ಲೆಕ್ಕಕ್ಕೆ ಸರಿಯಾಗಿ ಒಂದು ಕಿಟಕಿ ಕಳಚಿ ಕೊಟ್ಟೆವು. ಅಳತೆಯ ಪಟ್ಟಿಯಲ್ಲಿ ಮೊದಲನೆಯದು, ಪಡುಗೋಡೆಯದ್ದು. ರಸೀದಿ ಉಂಟು. ಈಗ ಆಟಿಯ ಮಳೆ ನೇರ ಒಳಗೆ ಬರುತ್ತದೆ. ಕಂಪ್ಯೂಟರಿಗೆ ಅಡಿಕೆ ಒಣಗಿಸುವ ಟಾರ್ಪಾಲು ಹೊದೆಸಿದ್ದೇವೆ, ಅಜ್ಜಂದಿರು ಕೊಡೆ ಬಿಡಿಸಿಕೊಂಡು ಪೇಪರ್ ಓದುತ್ತಾರೆ.