ಎಷ್ಟನೇ ಪುಟದಲ್ಲಿದ್ದೀರಿ?

ಈಗ ಏನು ಓದ್ತಾ ಇದ್ದೀರಿ ಅಂತ ಕೇಳಿದರೆ ಹೆಚ್ಚಿನವರು ಕೊಡುವ ಮೊದಲ ಉತ್ತರ ಅರ್ಧ ಸುಳ್ಳು. ಕೈಯಲ್ಲಿರುವುದು ಒಂದು ಪತ್ತೇದಾರಿ ಕಾದಂಬರಿ, ಅದೂ ಕೊಲೆಗಾರ ಯಾರು ಅಂತ ಮೊದಲೇ ಗೊತ್ತಿರುವಂಥದ್ದು. ಬಾಯಲ್ಲಿ ಬರುವುದು ಮಾತ್ರ ತಿಂಗಳುಗಟ್ಟಲೆ ದಿಂಬಿನ ಪಕ್ಕ ಬಿದ್ದಿರುವ ದಪ್ಪ ಇತಿಹಾಸದ ಪುಸ್ತಕದ ಹೆಸರು. ಪೂರ್ತಿ ಸುಳ್ಳು ಅನ್ನುವ ಹಾಗೂ ಇಲ್ಲ, ಅದರೊಳಗೂ ಒಂದು ಬುಕ್‌ಮಾರ್ಕ್ ಇದೆ. ಮುನ್ನುಡಿ ಮುಗಿಯುವ ಜಾಗದಲ್ಲಿ.

2014ರಲ್ಲಿ ಜೋರ್ಡನ್ ಎಲೆನ್‌ಬರ್ಗ್ ಎಂಬ ಅಮೆರಿಕದ ಗಣಿತಜ್ಞರು ಇದನ್ನೇ ಹಿಡಿದು ಒಂದು ತಮಾಷೆಯ ಲೆಕ್ಕ ಹಾಕಿದ್ದರು. ಕಿಂಡಲ್ ಎಂಬ ಇ-ಪುಸ್ತಕದ ಸಾಧನದಲ್ಲಿ ಓದುಗರು ಅತಿ ಹೆಚ್ಚು ಗೆರೆ ಎಳೆದ ಐದು ಭಾಗಗಳು ಪುಸ್ತಕದ ಎಲ್ಲೆಲ್ಲಿವೆ ಅಂತ ನೋಡುವುದು. ಎಲ್ಲವೂ ಶುರುವಿನಲ್ಲೇ ಗುಂಪಾಗಿದ್ದರೆ ಜನ ಅಲ್ಲಿಗೇ ನಿಲ್ಲಿಸಿದ್ದಾರೆ ಅಂತ ಲೆಕ್ಕ. ಆ ಗೆರೆಗಳ ಸರಾಸರಿ ಜಾಗ ಪುಸ್ತಕದ ಶೇಕಡಾ ಎಷ್ಟರಲ್ಲಿದೆಯೋ ಅದೇ ಪುಸ್ತಕದ ಅಂಕ. ಸ್ಟೀಫನ್ ಹಾಕಿಂಗ್ ಬರೆದ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಪುಸ್ತಕಕ್ಕೆ ಸಿಕ್ಕಿದ್ದು 6.6%, ಆ ವರ್ಷ ಎಲ್ಲರ ಬಾಯಲ್ಲಿದ್ದ ಥಾಮಸ್ ಪಿಕೆಟ್ಟಿಯ ಅರ್ಥಶಾಸ್ತ್ರದ ಪುಸ್ತಕಕ್ಕೆ 2.4%. ಇದು ವಿಜ್ಞಾನ ಅಲ್ಲ, ಸುಮ್ನೆ ಮನರಂಜನೆಗೆ ಅಂತ ಅವರೇ ಹೇಳಿದ್ದರು. ಆದರೂ ಓದಿದವರೆಲ್ಲ ಒಂದು ಸಲ ತಮ್ಮ ಕಪಾಟಿನ ಕಡೆ ಕಳ್ಳನೋಟ ಬೀರಿರಬೇಕು.

ನಾನಂತೂ ಅರ್ಧ ಓದಿದವರ ಪಕ್ಷ. ಪುಸ್ತಕದ ಬಗ್ಗೆ ಒಳ್ಳೆಯ ಮಾತು ನಡೆಯುವುದು ಅದು ಮುಗಿಯುವ ಮೊದಲು. ಮುಗಿಸಿದವರನ್ನು ಕೇಳಿ ನೋಡಿ, ಚೆನ್ನಾಗಿದೆ ಅಂತಾರೆ, ಇಲ್ಲಾಂದ್ರೆ ಕೊನೆ ಸರಿಯಿಲ್ಲ ಅಂತಾರೆ, ಅಲ್ಲಿಗೆ ಫೈಲ್ ಮುಚ್ಚಿತು. ನಡುವೆ ಇರುವವರು ಹಾಗಲ್ಲ. ಅವರ ತಲೆ ತುಂಬ ಅನುಮಾನ. ಆ ಚಿಕ್ಕಪ್ಪ ಪತ್ರವನ್ನು ಯಾಕೆ ಸುಟ್ಟ, ಈ ಹುಡುಗಿ ನಿಜವಾಗಿಯೂ ಏನೂ ಗೊತ್ತಿಲ್ಲದವಳಾ, ಲೇಖಕರು ಆ ನಾಯಿಯನ್ನು ಮರೆತೇಬಿಟ್ಟರಾ ಅಂತ ಊಟದ ನಡುವೆಯೂ ಅದೇ ಯೋಚನೆ. ಅವರು ಕಟ್ಟುವ ಕಥೆ ಕೆಲವು ಸಲ ಪುಸ್ತಕದ ಕಥೆಗಿಂತ ಚೆನ್ನಾಗಿರುತ್ತದೆ.

ಹಿಂದೆ ಕಾದಂಬರಿಗಳು ಕಂತುಕಂತಾಗಿ ಬರುತ್ತಿದ್ದಾಗ ಎಲ್ಲರೂ ಅರ್ಧ ಓದಿದವರೇ, ಬರೆಯುವವರೂ ಅರ್ಧ ಬರೆದವರೇ. ಚಾರ್ಲ್ಸ್ ಡಿಕನ್ಸ್ ಅವರ ಡೇವಿಡ್ ಕಾಪರ್‌ಫೀಲ್ಡ್ 1849-50ರಲ್ಲಿ ತಿಂಗಳ ಕಂತುಗಳಲ್ಲಿ ಬರುತ್ತಿತ್ತು. ಅದರಲ್ಲಿ ಮಿಸ್ ಮೌಚರ್ ಎಂಬ ಕುಳ್ಳಗಿನ ಹೆಂಗಸಿನ ಪಾತ್ರ ಬಂದಾಗ, ಇದು ನನ್ನನ್ನೇ ನೋಡಿ ಬರೆದದ್ದು ಅಂತ ಡಿಕನ್ಸ್‌ಗೆ ಪರಿಚಯವಿದ್ದ ಒಬ್ಬ ಮಹಿಳೆ ನೊಂದು ಪತ್ರ ಬರೆದರು. ಡಿಕನ್ಸ್ ತಬ್ಬಿಬ್ಬಾದರು. ಮುಂದೆ ಆ ಪಾತ್ರ ಮತ್ತೆ ಬಂದಾಗ ಒಳ್ಳೆಯವಳಾಗಿ ಬಂದಳು. ಪೂರ್ತಿ ಓದಿ ಆಮೇಲೆ ಮಾತಾಡೋಣ ಅಂತ ಆಕೆ ಕಾದಿದ್ದರೆ ಏನಾಗುತ್ತಿತ್ತು ಹೇಳಿ.

ಇಂಥ ಮಾತಿಗೆ ದೊಡ್ಡ ಅಪಾಯ ಅಂದರೆ ಮೊದಲೇ ಓದಿ ಮುಗಿಸಿದವರು. ಕೊನೆ ಹೇಳಿಬಿಡುವವರಂತೂ ಸರಿ, ಅವರು ನೇರ ಶತ್ರುಗಳು. ಹೇಳದೇ ನಗುವವರು ಅವರಿಗಿಂತ ಕಷ್ಟ. ನೀವು ಬಹಳ ನಂಬಿಕೆಯಿಂದ ವೈದ್ಯರ ಮೇಲೆ ಅನುಮಾನ ಅಂತೀರಿ. ಅವರು ಹುಬ್ಬು ಏರಿಸಿ, ಓದಿ ಓದಿ ಅಂತಾರೆ. ಮುಗೀತು. ಆಮೇಲೆ ನೀವು ಓದುವುದು ಪುಸ್ತಕವನ್ನಲ್ಲ, ಆ ಹುಬ್ಬನ್ನು. ಕೊನೆ ಗೊತ್ತಾದರೆ ಕಥೆಯ ರುಚಿ ಕೆಡುವುದಿಲ್ಲ, ಸ್ವಲ್ಪ ಹೆಚ್ಚೇ ಆಗುತ್ತದೆ ಅಂತ 2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು ಸಣ್ಣ ಕಥೆಗಳನ್ನು ಓದಿಸಿ ಹೇಳಿದ್ದುಂಟು. ಆಮೇಲೆ ಬಂದ ಬೇರೆ ಕೆಲವು ಅಧ್ಯಯನಗಳು ಒಪ್ಪಲಿಲ್ಲ. ನನ್ನ ಲೆಕ್ಕದಲ್ಲಿ ಕೊನೆಯನ್ನು ತಾನಾಗಿ ತಿರುವಿ ನೋಡುವುದು ಓದುಗರ ಹಕ್ಕು, ಬೇರೆಯವರು ಬಂದು ಹೇಳುವುದು ಕಳ್ಳತನ.

ಅದಕ್ಕೇ ಒಂದೇ ಪುಸ್ತಕ ಓದುತ್ತಿರುವ ಇಬ್ಬರು ಸಿಕ್ಕಿದಾಗ ಕುಶಲ ಕೇಳುವ ಮೊದಲು ಎಷ್ಟನೇ ಪುಟ ಅಂತ ಕೇಳಿಕೊಳ್ಳುತ್ತಾರೆ. ಇನ್ನೂರ ಹತ್ತು. ಓ, ಹಾಗಾದ್ರೆ ಮದುವೆ ಆಯ್ತು. ಆಯ್ತು, ಆದರೆ ಬೆಂಕಿ? ಯಾವ ಬೆಂಕಿ? ಅಯ್ಯೋ, ಏನಿಲ್ಲ ಬಿಡಿ. ಬೇರೆ ಬೇರೆ ಮುದ್ರಣವಾದರೆ ಪುಟದ ಲೆಕ್ಕ ತಪ್ಪುತ್ತದೆ, ಫೋನಿನಲ್ಲಿ ಓದುವವರು ಮೂವತ್ತೆಂಟು ಪರ್ಸೆಂಟ್ ಅಂತ ಹೇಳಿ ಇನ್ನಷ್ಟು ಗೊಂದಲ ಮಾಡುತ್ತಾರೆ, ಕೊನೆಗೆ ಅಜ್ಜ ಸತ್ತ ಮೇಲೋ ಮೊದಲೋ ಅಂತ ಕೇಳಿ ಅದರಿಂದಲೇ ಅಜ್ಜ ಸಾಯುತ್ತಾನೆ ಅಂತ ಗೊತ್ತಾಗಿಬಿಡುತ್ತದೆ.

ನಡುವೆ ಕೈಬಿಟ್ಟವರನ್ನೂ ಮಾತಿಗೆ ಎಳೆಯಬೇಕು. ಅವರು ನಾಚಿಕೊಂಡು ಟೈಮ್ ಇಲ್ಲ ಅಂತಾರೆ, ನಂಬಬೇಡಿ. ಸ್ವಲ್ಪ ಕೆದಕಿದರೆ ನಿಜವಾದ ವಿಮರ್ಶೆ ಹೊರಗೆ ಬರುತ್ತದೆ. ಎಲ್ಲರೂ ಹೊಗಳಿದ ಒಂದು ಕಾದಂಬರಿಯನ್ನು ಯಾಕೆ ಬಿಟ್ಟೆ ಅಂತ ಗೆಳತಿಯೊಬ್ಬಳನ್ನು ಪೀಡಿಸಿದ್ದೆ. "ಅವನು ಮೂರು ಅಧ್ಯಾಯದಿಂದ ಕಿಟಕಿ ಹತ್ತಿರ ನಿಂತು ಯೋಚನೆ ಮಾಡ್ತಾನೇ ಇದ್ದಾನೆ ಕಣೇ, ನಂಗೇ ಕಾಲು ನೋವು ಬಂತು" ಅಂದಳು.